ನರಸಮ್ಮನ ಕೈ ಕಾಫಿ

ರಾಯದುರ್ಗದಲ್ಲಿ ಗೋಪಣ್ಣನ ನಾಲಿಗೆಗೆ ಇದ್ದ ಮರ್ಯಾದೆ ಗೋಪಣ್ಣನಿಗೇ ಇರಲಿಲ್ಲ. ಬೀದಿಯಲ್ಲಿ ಎದುರಾದರೆ ಯಾರಾದರೂ ತಿರುಗಿ ನೋಡುವಂಥ ಆಳಲ್ಲ. ಆದರೆ ರೈಲು ಸ್ಟೇಷನ್ನಿನ ಎದುರಿಗೆ ಕೊಟ್ರಬಸಪ್ಪ ಇಟ್ಟಿದ್ದ ಕಾಫಿ ಕ್ಲಬ್ಬಿನಲ್ಲಿ ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದನೆಂದರೆ ಪಕ್ಕದ ಬೆಂಚಿನವರು ಮಾತು ನಿಲ್ಲಿಸುತ್ತಿದ್ದರು. ಬಳ್ಳಾರಿಯಿಂದ ಬರುವ ಕಾಫಿ ಬೀಜದ ಮೂಟೆಗಳಲ್ಲಿ ಯಾವುದನ್ನು ಇಳಿಸಿಕೊಳ್ಳಬೇಕು, ಯಾವುದನ್ನು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಕಳಿಸಬೇಕು ಎಂಬುದಕ್ಕೆ ಅವನ ಮಾತೇ ಕಡೆಯ ಮಾತು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾಲ ಅದು. ಅಂಬಲಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ಜನ ಸಂತೆಗೆ ಬಂದಾಗ ಕಾಫಿ ಕುಡಿಯುವುದನ್ನು ಆಗಷ್ಟೇ ಕಲಿಯುತ್ತಿದ್ದರು. ಹೀಗೆ ಹೊಸದಾಗಿ ಕಲಿಯುವವರಿಗೆ ಕಲಿಸುವವನೊಬ್ಬ ಬೇಕಲ್ಲ, ಆ ಜಾಗದಲ್ಲಿ ಗೋಪಣ್ಣ ಕೂತಿದ್ದ.

"ಬಾಯಾಗ ಇದ್ದಾಗ ಎಲ್ಲಾ ಕಾಫಿನೂ ಚಂದ ಇರ್ತೈತ್ರಿ," ಎನ್ನುತ್ತಿದ್ದ. "ಬಿಸಿ ಇರ್ತೈತಿ, ಬೆಲ್ಲ ಇರ್ತೈತಿ, ಮೋಸ ಮಾಡ್ತೈತಿ. ನುಂಗಿದ ಮ್ಯಾಲೆ ಏನು ಉಳಿತೈತಿ ನೋಡ್ರಿ, ಅದು ಖರೇ ಕಾಫಿ."

ಹಾಗೆ ಉಳಿದದ್ದಕ್ಕೆ ಅವನು ಉಳಿಕೆ ಎಂದು ಹೆಸರಿಟ್ಟಿದ್ದ. ಅದನ್ನು ಹಿಡಿಯುವುದಕ್ಕೆ ಅವನದೇ ಒಂದು ಕ್ರಮ. ಹಾಲು ಬೆಲ್ಲ ಸೇರದ ಬರೀ ಡಿಕಾಕ್ಷನ್ನನ್ನು ಒಂದು ಗುಟುಕು ನುಂಗಬೇಕು, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು, ಆಮೇಲೆ ಸುಮ್ಮನೆ ಕೂತು ಕಾಯಬೇಕು. ಒಳ್ಳೆಯ ಬೀಜವಾದರೆ ಮೊದಲಿನ ಕಹಿ ಇಳಿದು, ನಾಲಿಗೆಯ ಹಿಂಭಾಗದಲ್ಲಿ ಹುರಿಗಡಲೆಯಂಥದ್ದೋ ಬೆಲ್ಲದ ಪಾಕದಂಥದ್ದೋ ಏನೋ ಒಂದು ನಿಧಾನವಾಗಿ ಏಳುತ್ತದೆ. ಹುರಿದದ್ದು ಹೆಚ್ಚಾಗಿದ್ದರೆ ಬೂದಿ ಉಳಿಯುತ್ತದೆ. ಬೀಜ ಹಳೆಯದಾಗಿದ್ದರೆ ಗೋಣಿಚೀಲ ಉಳಿಯುತ್ತದೆ. ಇದೆಲ್ಲ ಸುಳ್ಳಲ್ಲ. ಗೋಪಣ್ಣನಿಗೆ ನಿಜವಾಗಿಯೂ ಅದು ತಿಳಿಯುತ್ತಿತ್ತು, ಆ ಮಟ್ಟಿಗೆ ಅವನನ್ನು ಹಂಗಿಸುವ ಹಾಗಿಲ್ಲ.

ಕ್ಲಬ್ಬಿನಲ್ಲಿ ಅವನು ಗಾಜಿನ ಗ್ಲಾಸಿನಲ್ಲಿ ಕುಡಿಯುತ್ತಿದ್ದ. ಪರಊರಿಗೆ ರುಚಿ ನೋಡಲು ಹೋದರೆ ಮಾತ್ರ ಕೈಚೀಲದಲ್ಲಿ ಒಂದು ಹಿತ್ತಾಳೆ ಲೋಟ ಹೋಗುತ್ತಿತ್ತು. ಕಂಡವರ ಮನೆಯ ಲೋಟಕ್ಕೆ ಬಾಯಿ ಇಡಬಾರದೆಂದು ಅವನ ಅಪ್ಪ ಒಯ್ಯುತ್ತಿದ್ದ ಲೋಟ. ಮಗನಿಗೆ ಆ ಮಡಿಯ ಗೊಡವೆ ಇರಲಿಲ್ಲ, ಅವನ ಲೆಕ್ಕವೇ ಬೇರೆ. ಒಬ್ಬರ ಮನೆಯಲ್ಲಿ ಕಂಚು, ಇನ್ನೊಬ್ಬರಲ್ಲಿ ಪಿಂಗಾಣಿ, ಮತ್ತೊಬ್ಬರಲ್ಲಿ ಮಣ್ಣು. ಲೋಟ ಬದಲಾದರೆ ರುಚಿ ಬದಲಾಗಿ ನ್ಯಾಯ ತಪ್ಪುತ್ತದೆ. "ತಕ್ಕಡಿ ಒಂದೇ ಇರಬೇಕ್ರಿ," ಎನ್ನುತ್ತಿದ್ದ. ಆ ಲೋಟವನ್ನು ಹೆಂಡತಿ ಸುಂಕಲಮ್ಮನಿಗೂ ಮುಟ್ಟಗೊಡದೆ ತಾನೇ ನೀರಿನಲ್ಲಿ ಅಲುಬಿ ಚೀಲಕ್ಕೆ ಸೇರಿಸುತ್ತಿದ್ದ. ವರ್ಷಕ್ಕೊಮ್ಮೆ ಕಲಾಯಿಯವನು ಬಂದಾಗ ಮನೆಯ ಪಾತ್ರೆಗಳೆಲ್ಲ ತವರ ಬಳಿಸಿಕೊಂಡು ಬೆಳ್ಳಗಾಗುತ್ತಿದ್ದವು, ಚೀಲದ ಲೋಟ ಚೀಲದಲ್ಲೇ ಇರುತ್ತಿತ್ತು. ತಕ್ಕಡಿಯನ್ನೂ ಒಮ್ಮೊಮ್ಮೆ ತೂಗಿ ನೋಡಬೇಕೆಂಬುದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ಅವನ ಒಬ್ಬಳೇ ತಂಗಿ ನರಸಮ್ಮನನ್ನು ಮಡಕಶಿರಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೂ ಅವಳು ಅಲ್ಲೇ, ಮೈದುನನ ಮನೆಯಲ್ಲೇ ಉಳಿದಿದ್ದಳು. ಓರಗಿತ್ತಿ ಓಬಮ್ಮ ಕೆಟ್ಟವಳೇನಲ್ಲ. ಆದರೂ ಇನ್ನೊಬ್ಬರ ಒಲೆಯ ಮುಂದೆ ಕೂತು ಉಣ್ಣುವಾಗ ಎರಡನೆಯ ಸಲ ಬಡಿಸಿಕೊಳ್ಳುವುದಕ್ಕೆ ಕೈ ಏಳುವುದಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದ ನರಸಮ್ಮ ಅಲ್ಲಿ ಕಾಫಿ ಬೀಜ ಹುರಿದು ಕುಟ್ಟುವುದನ್ನು ಕಲಿತಳು. ಕಲಿತದ್ದು ಚೆನ್ನಾಗಿಯೇ ಹತ್ತಿತು. ಕಚೇರಿಯವರ ನಾಲ್ಕಾರು ಮನೆಗಳಿಗೆ ಅವಳದೇ ಪುಡಿ ಹೋಗತೊಡಗಿತು. ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಸಣ್ಣತಿಮ್ಮಪ್ಪ ಇದನ್ನು ನೋಡಿ, ಪುಡಿಯನ್ನು ತನ್ನ ಅಂಗಡಿಯಲ್ಲೇ ಇಟ್ಟು ಮಾರುತ್ತೇನೆ, ಅಂಗಡಿಯ ಹಿಂದಿನ ಖಾಲಿ ಕೋಣೆಯಲ್ಲೇ ಹುರಿದುಕೊಂಡು ಇರಬಹುದು ಎಂದ. ಒಂದೇ ಒಂದು ಷರತ್ತು ಹಾಕಿದ.

"ನಿಮ್ಮಣ್ಣ ರಾಯದುರ್ಗದಾಗೆ ದೊಡ್ಡ ನಾಲಿಗೆ ಅಂತಾರಲ್ಲವ್ವ. ಅವರು ಬಂದು ನಾಲ್ಕು ಜನದ ಮುಂದೆ ಹೂಂ ಅಂದ್ಬಿಡ್ಲಿ. ಆಮೇಲೆ ನೋಡು, ಇಡೀ ಪೇಟೆ ನಿನ್ನ ಪುಡೀನೇ ಕುಡೀತೈತೆ."

ಸ್ವಂತ ಕೋಣೆ, ಸ್ವಂತ ಒಲೆ. ನರಸಮ್ಮ ಆ ದಿನವೇ ಅಣ್ಣನಿಗೆ ಹೇಳಿ ಕಳಿಸಿದಳು.

ಗೋಪಣ್ಣ ಕಲ್ಯಾಣದುರ್ಗದಲ್ಲಿ ಮೋಟಾರು ಬದಲಿಸಿ, ಪಾವಗಡದ ಮೇಲೆ ಮೈಸೂರು ಸೀಮೆ ಹಾದು, ಧೂಳು ಮೆತ್ತಿಕೊಂಡು ಮಡಕಶಿರದಲ್ಲಿ ಇಳಿದ. ತಂಗಿಯ ಮುಖ ನೋಡಿದಾಗಲೇ ಅವನಿಗೆ ಅವಳ ಆಸೆ ತಿಳಿಯಿತು. ತಿಳಿದದ್ದರಿಂದಲೇ ಒಂದು ಗಟ್ಟಿ ನಿರ್ಧಾರ ಮಾಡಿದ: ತಂಗಿಯೆಂದು ಒಂದು ಎಳ್ಳಷ್ಟೂ ಸಡಿಲ ಬಿಡಬಾರದು, ನಾಳೆ ನಾಲ್ಕು ಜನ ಆಡಿಕೊಳ್ಳಬಾರದು. ಇಂಥ ನಿರ್ಧಾರ ಮಾಡುವವರು ತಮ್ಮ ಹೆಸರನ್ನು ಕಾಯುತ್ತಿರುತ್ತಾರೆ, ನ್ಯಾಯವನ್ನಲ್ಲ. ಆದರೆ ಅದು ಅವರಿಗೆ ಗೊತ್ತಿರುವುದಿಲ್ಲ.

ಸಣ್ಣತಿಮ್ಮಪ್ಪನ ಅಂಗಡಿಯ ಜಗಲಿಯ ಮೇಲೆ ಕಚೇರಿಯ ಇಬ್ಬರು, ಶಾಲೆಯ ಮೇಷ್ಟ್ರು, ಕುರಿ ಮಾರಲು ಗುಡಿಬಂಡೆಯಿಂದ ಬಂದಿದ್ದ ಕೆಲವರು ಸೇರಿದ್ದರು. ನರಸಮ್ಮ ಬೆಳಗ್ಗೆಯೇ ಹುರಿದು ಕುಟ್ಟಿದ ಪುಡಿಯನ್ನು ಕುದಿಯುವ ನೀರಿಗೆ ಹಾಕಿ ಮುಚ್ಚಿಟ್ಟು, ಬಿಳಿ ಬಟ್ಟೆಯಲ್ಲಿ ಸೋಸಿ ತಂದಳು. ಗೋಪಣ್ಣ ಚೀಲದಿಂದ ತನ್ನ ಲೋಟ ತೆಗೆದು ಮುಂದೆ ಹಿಡಿದ. ಅವಳು ತಲೆ ತಗ್ಗಿಸಿಯೇ ಬಗ್ಗಿಸಿದಳು. ಪರಿಮಳಕ್ಕೇ ಮೇಷ್ಟ್ರು ತಲೆದೂಗಿದರು.

ಗೋಪಣ್ಣ ಒಂದು ಗುಟುಕು ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟು ಕಾದ. ಮೊದಲಿಗೆ ಏನೋ ಚೆನ್ನಾಗಿಯೇ ಎದ್ದ ಹಾಗಾಯಿತು. ಅದರ ಹಿಂದೆಯೇ ನಾಲಿಗೆಯ ಎರಡೂ ಅಂಚಿಗೆ ಒಂದು ಕೆಟ್ಟ ಒಗರು ಹತ್ತಿತು, ತುಕ್ಕು ಹಿಡಿದ ಮೊಳೆಯನ್ನು ನೆಕ್ಕಿದ ಹಾಗೆ. ಎಷ್ಟು ಹೊತ್ತಾದರೂ ಹೋಗಲಿಲ್ಲ. ಪರಊರಿಗೆ ಹೋದಾಗ ಇತ್ತೀಚೆಗೆ ಎಲ್ಲ ಕಾಫಿಯಲ್ಲೂ ಇದು ಒಂದಿಷ್ಟು ಇರುತ್ತಿತ್ತು. ಬೀಜವೇ ಕೆಟ್ಟಿತು, ಕಾಲವೇ ಕೆಟ್ಟಿತು ಎಂದುಕೊಂಡಿದ್ದ. ತಂಗಿಯ ಗಟ್ಟಿ ಡಿಕಾಕ್ಷನ್ನಿನಲ್ಲಿ ಅದು ಎಂದಿಗಿಂತ ಜೋರಾಗಿತ್ತು.

"ಉಳಿಕಿ ಕೆಟ್ಟೈತಿ," ಎಂದ.

ನರಸಮ್ಮನ ಮುಖ ಸಣ್ಣದಾಯಿತು. "ಹುರಿದಿದ್ದು ಜಾಸ್ತಿ ಆಯ್ತೇನೋ ಅಣ್ಣಯ್ಯ. ನಾಳೆ ಇನ್ನೊಂದ್ ಸಲ ಮಾಡ್ತೀನಿ, ನೋಡ್ತೀಯಾ?"

ಮರುದಿನ ಅವಳು ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ ಬೆಳಗಿದ್ದಳು. ಗುಮಾಸ್ತರ ಮನೆಯಿಂದ ಕೇಳಿ ತಂದ ಪೀಬರಿ ಎಂಬ ಒಳ್ಳೆಯ ದುಂಡು ಬೀಜವನ್ನು ಸಣ್ಣ ಉರಿಯಲ್ಲಿ ಹದವಾಗಿ ಹುರಿದಿದ್ದಳು. ಅದೇ ಜಗಲಿ, ಅದೇ ಜನ, ಅದೇ ಲೋಟ. ಉಳಿಕೆಯೂ ಅದೇ. ಗೋಪಣ್ಣನಿಗೆ ಈಗ ತನ್ನ ಮೇಲೆ ಇದ್ದ ನಂಬಿಕೆ ದುಪ್ಪಟ್ಟಾಯಿತು. ಬೀಜ ಬದಲಾಯಿತು, ಉರಿ ಬದಲಾಯಿತು, ಬಾಣಲೆ ಬೆಳಗಿದ್ದಾಯಿತು, ಆದರೂ ದೋಷ ಹೋಗಲಿಲ್ಲವೆಂದರೆ ಬದಲಾಗದೆ ಉಳಿದದ್ದು ಏನು? ಬದಲಾಗದ ವಸ್ತು ಅವನ ಕೈಯಲ್ಲೇ ಇತ್ತು. ಅವನು ಮಾತ್ರ ತಂಗಿಯ ಕೈ ನೋಡಿದ.

"ಬೀಜದಾಗ ತಪ್ಪಿಲ್ಲ, ಬೆಂಕ್ಯಾಗ ತಪ್ಪಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇದು ಕೈಗುಣ. ಕೈಗುಣ ಸರಿ ಇಲ್ಲಂದ್ರ ಯಾರೇನು ಮಾಡಾಕ ಆಗ್ತೈತಿ? ತಂಗಿ ಅಂತ ನಾನು ಸುಳ್ಳು ಹೇಳಾಂಗಿಲ್ರಿ."

ಗಂಡ ಸತ್ತ ಹೆಂಗಸಿನ ಕೈಗುಣ ಸರಿಯಿಲ್ಲವೆಂದು ಒಡಹುಟ್ಟಿದ ಅಣ್ಣನೇ ನಾಲ್ಕು ಜನರೆದುರು ಹೇಳಿದರೆ ಅದು ಕಾಫಿಯ ಮಾತಾಗಿ ನಿಲ್ಲುವುದಿಲ್ಲ. ಜಗಲಿಯ ಮೇಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ಗೋಪಣ್ಣನೊಬ್ಬನನ್ನು ಬಿಟ್ಟು. ನರಸಮ್ಮ "ಹಂಗಾ ಅಣ್ಣಯ್ಯ" ಎಂದಷ್ಟೇ ಹೇಳಿ, ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಮನೆಗೆ ಹೋದಳು.

ರಾಯದುರ್ಗದಲ್ಲಿ ಈ ಸುದ್ದಿಯನ್ನು ಹರಡಿದವನು ಕೊಟ್ರಬಸಪ್ಪ. "ಸ್ವಂತ ತಂಗಿ ಅಂತ ನೋಡ್ಲಿಲ್ರಿ ಈ ಮನಷಾ! ನಾಲಿಗಿ ಅಂದ್ರ ನಾಲಿಗಿ," ಎಂದು ಬಂದವರಿಗೆಲ್ಲ ಹೇಳಿದ. ಕೇಳಿದವರು ಗೋಪಣ್ಣನ ಕಡೆ ತಿರುಗಿ ಕೈ ಮುಗಿದರು. ಅವನು ಬೇಡ ಬೇಡ ಎನ್ನುತ್ತಲೇ ಹಿಗ್ಗಿದ.

ಬೇಸಗೆಯಲ್ಲಿ ಕಲಾಯಿ ಸಾಬಣ್ಣ ಬಂದು ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ ತಿದಿ ಒತ್ತತೊಡಗಿದ. ಸುಂಕಲಮ್ಮ ಪಾತ್ರೆಗಳನ್ನು ಹೊರಗೆ ಹಾಕುತ್ತ, ಒಗೆಯುವುದಕ್ಕೆಂದು ಗಂಡನ ಕೈಚೀಲವನ್ನೂ ಕೊಡವಿದಳು. ಲೋಟ ಉರುಳಿ ಬಿತ್ತು. ಎತ್ತಿ ಒಳಗೆ ನೋಡಿದವಳು ಹಾಗೇ ಹಿಡಿದುಕೊಂಡು ಗಂಡನ ಮುಂದೆ ಬಂದಳು.

"ಏನ್ರಿ, ಇದರಾಗ ಕಲಾಯಿ ಅನ್ನೋದು ಒಂದು ಚೂರೂ ಇಲ್ಲಲ್ರಿ! ತಳದಾಗ ಕಿಲುಬು ನೋಡ್ರಿ, ಹಸುರುಗಟ್ಟೈತಿ. ಇದರಾಗ ಕಾಫಿ ಕುಡಿತಿದ್ರೇನು ನೀವು?"

ಗೋಪಣ್ಣ ಲೋಟವನ್ನು ಬೆಳಕಿಗೆ ಹಿಡಿದ. ಬೆಳ್ಳಗಿರಬೇಕಾದ ಒಳಮೈ ಹಳದಿಯಾಗಿ ಬೋಳಾಗಿತ್ತು. ತಳದ ಸಂದಿಯಲ್ಲಿ ಕಿಲುಬು ಹಸಿರಾಗಿ ಗೆರೆ ಎಳೆದಿತ್ತು. ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಹೋದ. ಬೆಳಗ್ಗೆ ತಾನೇ ಕುಡಿದು ಚೆನ್ನಾಗಿದೆ ಎಂದಿದ್ದ ಡಿಕಾಕ್ಷನ್ ಉಳಿದಿತ್ತು. ಬಿಸಿ ಮಾಡಿ ಆ ಲೋಟಕ್ಕೆ ಬಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಂದು ಗುಟುಕು ನುಂಗಿದ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟ. ಕಾಯಬೇಕಾದದ್ದೇ ಇರಲಿಲ್ಲ. ಅದೇ ಒಗರು, ಅದೇ ತುಕ್ಕು ಮೊಳೆ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದನಂತೆ ಎಂಬ ಗಾದೆಯನ್ನು ಗೋಪಣ್ಣ ಎಷ್ಟೋ ಸಲ ಬೇರೆಯವರ ಮೇಲೆ ಎಸೆದಿದ್ದ. ಈಗ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತವನಿಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ತಂಗಿ ಕೇಳಿ ತಂದ ಪೀಬರಿ, ಬೂದಿಯಲ್ಲಿ ತಿಕ್ಕಿದ ಬಾಣಲೆ, ಸೆರಗಿನಲ್ಲಿ ಹಿಡಿದುಕೊಂಡು ಹೋದ ಪಾತ್ರೆ, ಒಂದೊಂದೇ ಕಣ್ಣಿಗೆ ಕಟ್ಟಿತು. ಅವನಿಗೆ ನಾಚಿಕೆಯಾಯಿತು. ಮನೆಯ ಗೋಡೆಗಳೂ ನೋಡಬಾರದು ಅನ್ನಿಸುವಂಥ ನಾಚಿಕೆ.

"ನರಸವ್ವನ ಕಾಫಿನೂ ಇದರಾಗ ಕುಡದ್ರೇನ್ರಿ?" ಎಂದು ಬಾಗಿಲಲ್ಲಿ ನಿಂತಿದ್ದ ಸುಂಕಲಮ್ಮ ಮೆಲ್ಲಗೆ ಕೇಳಿದಳು. ಅವನು ಲೋಟದಲ್ಲಿ ಉಳಿದಿದ್ದನ್ನು ಒಲೆಯ ಬೂದಿಗೆ ಸುರಿದ.

ಹೊರಗಿನಿಂದ ಕಲಾಯಿ ಸಾಬಣ್ಣ ಕೂಗಿದ: "ಆ ಲೋಟಾನೂ ಕೊಡ್ರಿ ಗೋಪಣ್ಣ, ಬೆಳ್ಳಿಹಂಗ ಮಾಡಿ ಕೊಡ್ತೀನಿ."

ಕೊಟ್ಟುಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಗೋಪಣ್ಣನಿಗೆ ಬರಲಿಲ್ಲವೆಂದು ನಾನು ಹೇಳಿದರೆ ಅದು ಸುಳ್ಳು. ಬಂತು. ಬಂದು ಕೆಲವು ದಿನ ಮನೆಮಾಡಿಕೊಂಡೇ ಇತ್ತು. ಲೋಟವನ್ನು ಕಲಾಯಿಗೆ ಕೊಡಲಿಲ್ಲ, ಮಡಕಶಿರಕ್ಕೂ ಹೋಗಲಿಲ್ಲ. ಎಂದಿನಂತೆ ಕ್ಲಬ್ಬಿಗೆ ಹೋದರೆ ಕಣೇಕಲ್ಲಿನಿಂದ ಬಂದ ಯಾರೋ ಹೊಸಬರಿಗೆ ಕೊಟ್ರಬಸಪ್ಪ ಅದೇ ಕಥೆ ಶುರುಮಾಡಿರುತ್ತಿದ್ದ, ಸ್ವಂತ ತಂಗಿ ಅಂತ ನೋಡ್ಲಿಲ್ರಿ ಎಂದು. ಮೊದಲು ಹಿಗ್ಗಿ ಕೇಳಿದ್ದ ಮಾತು ಈಗ ಎಲ್ಲರೆದುರು ಕಪಾಳಕ್ಕೆ ಬಿದ್ದಂತಾಗುತ್ತಿತ್ತು. ಕೊನೆಗೊಂದು ದಿನ ಕೊಟ್ರಬಸಪ್ಪ "ನೀನಽ ಹೇಳಪಾ, ತಂಗಿ ಮುಖ ಹೆಂಗಾತು ಆವಾಗ?" ಎಂದು ನಗುತ್ತ ಕೇಳಿದ. ಗೋಪಣ್ಣ ಎದ್ದು ಮನೆಗೆ ಬಂದು, ಲೋಟವನ್ನು ಕಿಲುಬಿನ ಸಮೇತ ಚೀಲಕ್ಕೆ ಹಾಕಿಕೊಂಡು ಮೋಟಾರು ಹತ್ತಿದ.

ಮಡಕಶಿರದಲ್ಲಿ ತಂಗಿಯ ಮೈದುನನ ಮನೆಯ ಅಂಗಳದಲ್ಲಿ ಓಬಮ್ಮ, ಅಕ್ಕಪಕ್ಕದ ಹೆಂಗಸರು ಸೇರಿ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದರು. ನರಸಮ್ಮ ಮಾತ್ರ ದೂರ, ಬೀದಿಯ ಕಡೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಅಣ್ಣನನ್ನು ಕಂಡು ಎದ್ದು ನಿಂತಳು.

"ನೀನ್ಯಾಕ ಇಲ್ಲಿ ಕುಂತೀ? ಅವರ ಜೋಡಿ ಹೆಚ್ಚಬಾರ್ದೇನು?" ಎಂದು ಅವನು ಕೇಳಿದ.

"ನಾನು ಮುಟ್ಟಿದ್ರೆ ಬೂಷ್ಟು ಹಿಡೀತದೇನೋ ಅಣ್ಣಯ್ಯ," ಎಂದಳು, ಹವಾಮಾನದ ಮಾತಾಡಿದಷ್ಟು ಸರಳವಾಗಿ. "ಅವರೇನೂ ಅಂದಿಲ್ಲ. ವರ್ಷದ ಉಪ್ಪಿನಕಾಯಿ, ಯಾಕೆ ಸುಮ್ನೆ ಅಂತ ನಾನೇ ಈಚೆ ಬಂದೆ. ಗುಮಾಸ್ತರ ಮನೆಗೂ ಈಗ ಹೋಗ್ತಿಲ್ಲ."

ಗೋಪಣ್ಣ ಅವಳ ಕೈ ಹಿಡಿದುಕೊಂಡೇ ಸಣ್ಣತಿಮ್ಮಪ್ಪನ ಅಂಗಡಿಗೆ ಕರೆದೊಯ್ದ. ಜಗಲಿಯ ಮೇಲೆ ಮೇಷ್ಟ್ರು ಇದ್ದರು, ಕಚೇರಿಯವರೊಬ್ಬರಿದ್ದರು. ಲೋಟ ತೆಗೆದು ಎಲ್ಲರ ಮುಂದೆ ಹಿಡಿದ.

"ನೋಡ್ರಿ, ತಪ್ಪು ಈ ಲೋಟದ್ದು. ಕಲಾಯಿ ಹೋಗಿತ್ತು, ನನಗ ಖಬರಿರಲಿಲ್ಲ. ನನ್ನ ತಂಗಿ ಕೈಯಾಗ ಯಾವ ದೋಷನೂ ಇಲ್ಲ. ನಾನು ಕುಡದಿದ್ದು ನನ್ನ ಕಿಲುಬು. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ತಪ್ಪಾತು ಅಂತೀನಿ."

ಲೋಟ ಕೈಯಿಂದ ಕೈಗೆ ಹೋಯಿತು. ಸಣ್ಣತಿಮ್ಮಪ್ಪ ಅದನ್ನು ತಿರುಗಿಸಿ ನೋಡಿ, ಮೇಷ್ಟ್ರ ಕಡೆ ಒಂದು ನಗೆ ನಕ್ಕ. "ಇರ್ಲಿ ಬಿಡಿ ಗೋಪಣ್ಣನೋರೆ. ಒಡಹುಟ್ಟಿದ ಕರುಳು, ನಮಗೂ ಅರ್ಥ ಆಯ್ತದೆ. ನಿಮ್ಮಂಥ ನಾಲಿಗೆಗೆ ಲೋಟದ ರುಚಿ ಯಾವುದು, ಕಾಫಿ ರುಚಿ ಯಾವುದು ಅಂತ ತಿಳೀದೆ ಇರ್ತದಾ? ಎರಡೆರಡು ದಿನ ನೋಡಿ ಹೇಳಿದ್ರಿ."

"ಇಲ್ರಿ, ಖರೇನಽ ತಿಳೀಲಿಲ್ಲ!"

"ಆಯ್ತು, ಆಯ್ತು," ಎಂದ ಸಣ್ಣತಿಮ್ಮಪ್ಪ, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವಂತೆ. "ಆದ್ರೆ ಈಗ ಬೇರೆಯವರ ಪುಡಿ ಇಟ್ಟಿದ್ದೀನಿ. ಜನ ಅದಕ್ಕೆ ಒಗ್ಗವ್ರೆ."

ಆ ನಾಲಿಗೆಯ ಹೆಸರನ್ನು ಗೋಪಣ್ಣ ವರ್ಷಗಟ್ಟಲೆ ಕಟ್ಟಿ ಬೆಳೆಸಿದ್ದ. ಅದು ತಪ್ಪಿತೆಂದು ಅವನೇ ಬಾಯಿಬಿಟ್ಟು ಹೇಳಿದರೂ ನಂಬುವವರಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳುತ್ತಾರೆಯೇ.

ಊರಿಗೆ ಬೇಡವಾದರೆ ಬೇಡ, ತಂಗಿಯೊಬ್ಬಳಿಗಾದರೂ ತಿಳಿಯಲಿ ಎಂದುಕೊಂಡು ಅವನು ಅವಳ ಜೊತೆ ಅವಳ ಮನೆಗೆ ಬಂದ. ಕಾಫಿ ಮಾಡೆಂದ. ನರಸಮ್ಮ ಒಲ್ಲೆನೆಂದಳು. ನನ್ನ ಮ್ಯಾಲೆ ಆಣಿ ಎಂದ ಮೇಲೆ ಹಿತ್ತಿಲಲ್ಲಿ ಕಲ್ಲು ಹೂಡಿ, ಉಳಿದಿದ್ದ ಹಿಡಿ ಬೀಜ ಹುರಿದಳು. ಕೈ ಮಾತ್ರ ಮರೆತಿರಲಿಲ್ಲ. ಬೀಜ ಚಿಟಪಟ ಎನ್ನುವುದನ್ನೇ ಕಾದಿದ್ದು, ಸರಿಯಾದ ಗಳಿಗೆಗೆ ಇಳಿಸಿ ಮೊರಕ್ಕೆ ಸುರಿದು ಬೀಸಿ ಆರಿಸಿದಳು. ಸೋಸಿದ ಡಿಕಾಕ್ಷನ್ನನ್ನು ಗೋಪಣ್ಣ ತಾನೇ ಎರಡು ಲೋಟಕ್ಕೆ ಬಗ್ಗಿಸಿದ, ಒಂದು ತನ್ನ ಕಿಲುಬಿನ ಲೋಟ, ಇನ್ನೊಂದು ಅವಳ ಮನೆಯ ಶುದ್ಧವಾದ ಕಂಚಿನ ಲೋಟ.

"ಎರಡೂ ಕುಡದು ನೋಡವ್ವ. ಫರಕು ನಿನಗಽ ತಿಳಿತೈತಿ."

ಅವಳು ಅವನ ಲೋಟದಿಂದ ಒಂದು ಗುಟುಕು ಕುಡಿದಳು. ಅವನು ಮಾಡುತ್ತಿದ್ದ ಹಾಗೆಯೇ ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಳು. "ಹೂಂ, ಐತೆ," ಎಂದಳು. ಬಾಯಿ ಮುಕ್ಕಳಿಸಿ ಕಂಚಿನ ಲೋಟದಿಂದ ಕುಡಿದಳು. ಹಾಗೇ ಕಾದಳು. ಗೋಪಣ್ಣ ಅವಳ ಮುಖವನ್ನೇ ನೋಡುತ್ತಿದ್ದ.

"ಇದ್ರಾಗೂ ಐತಣ್ಣಯ್ಯ."

"ಇಲ್ಲವ್ವ! ಇದರಾಗ ಹೆಂಗ ಇರ್ತೈತಿ?"

"ಐತೆ. ನೀನು ಹೇಳೋ ಮುಂಚೆ ನಂಗೆ ತಿಳೀತಿರಲಿಲ್ಲ. ಚೆಂದಾಗೈತೆ ಅಂದ್ಕೊಂಡು ಕುಡೀತಿದ್ದೆ. ನೀನು ಹೇಳಿದ್ ದಿನದಿಂದ ಯಾವಾಗ್ ಕುಡಿದ್ರೂ ಬತ್ತೈತೆ. ಈಗ ಕುಡಿಯೋದೇ ಬಿಟ್ಟಿದ್ದೀನಿ."

ಗೋಪಣ್ಣ ಅವಳ ಕೈಯಿಂದ ಕಂಚಿನ ಲೋಟ ಕಸಿದುಕೊಂಡು ತಾನೇ ಕುಡಿದ. ಕಹಿ ಬಂತು, ಹೋಯಿತು. ಅದರ ಹಿಂದೆ ನಿಧಾನವಾಗಿ ಒಂದು ಸಿಹಿ ಎದ್ದಿತು, ಆಲೆಮನೆಯಲ್ಲಿ ಬಿಸಿ ಬೆಲ್ಲವನ್ನು ನಾಲಿಗೆಗೆ ಇಟ್ಟುಕೊಂಡ ಹಾಗೆ. ಗಂಟಲಿನ ತನಕ ಹರಡಿ ಅಲ್ಲೇ ನಿಂತಿತು. ಇಂಥ ಕಾಫಿಯನ್ನು ಅವನು ಕ್ಲಬ್ಬಿನಲ್ಲಿ ಒಂದು ದಿನವೂ ಕುಡಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ನರಸವ್ವ, ನಿನ್ನ ಕೈಯಾಣೆ, ಇಂಥಾ ಉಳಿಕಿ ನಾನು ಎಲ್ಲೂ ಕಂಡಿಲ್ಲ."

ನರಸಮ್ಮ ನಕ್ಕಳು. ಅವಳಿಗೆ ಅಣ್ಣನ ಮೇಲೆ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನನಗೋಸ್ಕರ ನಿನ್ನ ನಾಲಿಗೆ ಕೆಡಿಸ್ಕೋಬೇಡಣ್ಣಯ್ಯ," ಎಂದಳು. "ಅದೊಂದು ನಿನಗೆ ದೇವ್ರು ಕೊಟ್ಟಿರೋದು." ಮಿಕ್ಕಿದ್ದನ್ನು ಬೇಲಿಯ ಬುಡಕ್ಕೆ ಚೆಲ್ಲಿ, ಅವನ ಲೋಟವನ್ನು ಹುಣಸೆಹುಳಿ ಹಾಕಿ ಕಿಲುಬು ಬಿಡುವ ತನಕ ತಿಕ್ಕಿ ತೊಳೆದು ಅವನ ಪಕ್ಕದಲ್ಲಿಟ್ಟಳು.

"ಉಂಡೇ ಹೋಗು. ಓಬಮ್ಮಂಗೆ ಹೇಳಿ ಮುದ್ದೆ ಮಾಡಿಸ್ತೀನಿ."

"ನೀನಽ ಮಾಡವ್ವ. ನಿನ್ನ ಕೈಲೆ ಉಂಡು ಎಷ್ಟು ದಿನ ಆತು."

"ಬೇಡ ಬಿಡು. ದೂರ ಹೋಗೋನು, ದಾರೀಲಿ ಹೊಟ್ಟೆಗೇನಾದ್ರೂ ಆದೀತು," ಎಂದು ಅವಳು ಅಂಗಳಕ್ಕೆ ಹೋಗಿ, ಮಾವು ಹೆಚ್ಚುತ್ತಿದ್ದ ಓಬಮ್ಮನನ್ನು ಎಬ್ಬಿಸಿಕೊಂಡು ಬಂದಳು.

ಗೋಪಣ್ಣ ಪಡಸಾಲೆಯಲ್ಲಿ ಉಣ್ಣಲು ಕೂತ. ಓಬಮ್ಮ ಬಡಿಸಿದಳು. ನರಸಮ್ಮ ಕಂಬಕ್ಕೆ ಒರಗಿ ನಿಂತು, ಅತ್ತಿಗೆ ಹೇಗಿದ್ದಾಳೆ, ಮಳೆ ಆಯಿತೇ ಎಂದು ವಿಚಾರಿಸುತ್ತಿದ್ದಳು. ಅವನ ಬಾಯಲ್ಲಿ ಆ ಕಾಫಿಯ ಸಿಹಿ ಇನ್ನೂ ಇತ್ತು, ಮುದ್ದೆ ಸಾರು ನುಂಗಿದರೂ ಹೋಗಲಿಲ್ಲ. ಅವನು ನೀರು ಕೇಳಿದ. ಚೆಂಬು ಅವಳ ಕಾಲ ಬಳಿಯೇ ಇತ್ತು. ಅವಳು ಅದನ್ನು ಮುಟ್ಟದೆ, ಅಣ್ಣನಿಗೆ ನೀರು ಕೊಡು ಎಂದು ಓಬಮ್ಮನನ್ನು ಕೂಗಿದಳು.